ಅರ್ಧ ಮಾನವ, ಅರ್ಧ ದಾನವ: ಪಂಕ್ತಿಯಲ್ಲಿ ಇವನಿಗೆ ಎಲೆ ಉಂಟೆ?

ಬಣ್ಣದ ವೇಷವು ಅಬ್ಬರಿಸುತ್ತ ರಂಗಪ್ರವೇಶ ಮಾಡಿದೊಡನೆ ನಿದ್ದೆಗಣ್ಣಿನ ಮಕ್ಕಳೂ ಎದ್ದು ಕುಳಿತುದನ್ನು ಊರಿನ ಬಯಲಾಟಗಳಲ್ಲಿ ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಅಂತಹ ವೇಷವನ್ನು ಯಾರಿಗೆ ಕೊಡಬೇಕು, ಕೊಟ್ಟರೆ ಉಳಿದವರ ಗತಿಯೇನು ಎಂಬ ಪ್ರಶ್ನೆ ಅಮೇರಿಕದ ಆಟವೊಂದರಲ್ಲಿ ಐವತ್ತು ವರ್ಷಗಳಿಂದ ಚರ್ಚೆಯಲ್ಲಿದೆ.

ಆಟದ ಹೆಸರು ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ರಚಿಸಿದ ಇದು 1974ರಲ್ಲಿ ಪ್ರಕಟವಾಯಿತು. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬನು ಸೂತ್ರಧಾರನಾಗಿ ಕಥೆ ನಡೆಸುತ್ತಾನೆ. ಸೋಲುಗೆಲವನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಹೀಗಿರುವಲ್ಲಿ ಒಬ್ಬನು, “ನನ್ನದು ಅರ್ಧ ಮನುಷ್ಯ, ಅರ್ಧ ಡ್ರ್ಯಾಗನ್” ಎಂದರೆ ಸೂತ್ರಧಾರನು ಒಪ್ಪಬೇಕೇ?

ಮೊದಲ ನಿಯಮಪುಸ್ತಕವು ಉದಾರವಾಗಿತ್ತು. ಡ್ರ್ಯಾಗನ್ನನೇ ಆಗಬಯಸುವವನೂ ಆಗಬಹುದು, ಆದರೆ ಮರಿಯಾಗಿ ಆರಂಭಿಸಿ ಕ್ರಮವಾಗಿ ಬೆಳೆಯಬೇಕೆಂದು ಅದು ವಿಧಿಸಿತು. 1979ರಲ್ಲಿ ಸೂತ್ರಧಾರರಿಗಾಗಿ ಬರೆದ ಗ್ರಂಥದಲ್ಲಿ ಗೈಗ್ಯಾಕ್ಸ್ ಸ್ವರ ಬದಲಿಸಿದರು. ಇಂತಹ ಪಾತ್ರ ಕೇಳುವವರು ಬಹುಮಟ್ಟಿಗೆ ಬಲಕ್ಕಾಗಿಯೇ ಕೇಳುತ್ತಾರೆಂಬುದು ಅವರ ಆಕ್ಷೇಪ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಪಂಕ್ತಿಯಲ್ಲಿ ಒಬ್ಬನೇ ಪಾತ್ರೆಯ ಪಾಯಸವನ್ನೆಲ್ಲ ಉಂಡರೆ ಉಳಿದವರು ಎಲೆ ಮಡಚಿ ಏಳಬೇಕಾಗುತ್ತದೆ.

ಬಲಕ್ಕೆ ಬೆಲೆ ಕಟ್ಟುವ ಯತ್ನವೂ ನಡೆಯಿತು. 2003ರ ಪರಿಷ್ಕೃತ ನಿಯಮಗಳಲ್ಲಿ ಅರ್ಧ ಡ್ರ್ಯಾಗನ್ನನನ್ನು ಮೂರು ಮೆಟ್ಟಿಲು ಮೇಲೇರಿದವನೆಂದು ಲೆಕ್ಕ ಹಿಡಿದರು. ಜೊತೆಗಾರರು ಆರನೆಯ ಮೆಟ್ಟಿಲಲ್ಲಿರುವಾಗ ಅವನು ವಿದ್ಯೆಯಲ್ಲಿ ಮೂರನೆಯದರಲ್ಲೇ ಇರಬೇಕು. ಲೆಕ್ಕವೇನೋ ಸರಿ; ಫಲ ಸರಿಯಾಗಲಿಲ್ಲ. ತೋಳಿನಲ್ಲಿ ಅಪಾರ ಶಕ್ತಿಯಿದ್ದರೂ ಪೆಟ್ಟು ತಾಳುವ ಆಯಸ್ಸು ಕಡಿಮೆಯಾಗಿ ಅವನು ಬೇಗನೆ ಉರುಳುತ್ತಿದ್ದನು; ಮಂತ್ರವಾದಿಯಾದರಂತೂ ಜೊತೆಗಾರರಿಗಿಂತ ಸದಾ ಹಿಂದೆಯೇ. 2008ರ ಆವೃತ್ತಿಯು ಬೇರೆ ದಾರಿ ಹಿಡಿಯಿತು. ಡ್ರ್ಯಾಗನ್ ಮುಖದವನನ್ನೂ ದಾನವರಕ್ತದ ಕೊಂಬಿನವನನ್ನೂ ಇತರರ ಸಮಬಲಕ್ಕೆ ಇಳಿಸಿ ಮೊದಲ ಪುಸ್ತಕದಲ್ಲೇ ಸ್ಥಾನ ಕೊಟ್ಟಿತು.

ನಮಗೆ ಈ ಸಂದರ್ಭದಲ್ಲಿ ಘಟೋತ್ಕಚನ ನೆನಪಾಗುತ್ತದೆ. ಭೀಮನಿಗೂ ಹಿಡಿಂಬೆಗೂ ಹುಟ್ಟಿದ ಆತನೂ ಅರ್ಧ ಮಾನವ, ಅರ್ಧ ರಾಕ್ಷಸನೇ. ಆತನ ಬಲವು ರಾತ್ರಿಯಲ್ಲಿ ಹೆಚ್ಚುವಂಥದು. ನೆನೆದಾಗ ಬಂದು ಕಾರ್ಯ ಮುಗಿಸಿ ಹೋಗುವನು. ಕರ್ಣನು ಅರ್ಜುನನಿಗೆಂದು ಕಾಯ್ದಿರಿಸಿದ್ದ ಶಕ್ತ್ಯಾಯುಧಕ್ಕೆ ತಾನು ಎದೆಯೊಡ್ಡಿದನು. ಬಲಕ್ಕೆ ಮಿತಿ, ಬಳಗದೊಡನೆ ನಂಟು, ತೆರಬೇಕಾದ ಬೆಲೆ, ಈ ಮೂರೂ ಇದ್ದುದರಿಂದಲೇ ಆತನು ಪಾಂಡವರ ಕಥೆಯನ್ನು ನುಂಗದೆ ಅದನ್ನು ಹಿಗ್ಗಿಸಿದನು.

ಆದುದರಿಂದ ಸೂತ್ರಧಾರನು “ನೀನು ಏನು?” ಎಂದು ಕೇಳುವುದಕ್ಕಿಂತ “ನಿನಗೆ ಈ ಬಳಗದಲ್ಲಿ ಯಾರು? ಊರಬಾಗಿಲಲ್ಲಿ ನಿನ್ನನ್ನು ತಡೆದರೆ ಏನು ಮಾಡುವೆ?” ಎಂದು ಕೇಳುವುದು ಮೇಲು. ಉತ್ತರವುಳ್ಳವನಿಗೆ ಎಲೆ ಹಾಕಲಿ. ಉಗುರು ಕೋರೆಗಳ ಪಟ್ಟಿಯನ್ನಷ್ಟೇ ಒಪ್ಪಿಸುವವನಿಗೆ ಸಾವಕಾಶ ಹೇಳಲಿ. ಆದರೆ ಆಡುವ ಮುನ್ನವೇ ಎಲ್ಲರೂ ಕುಳಿತು ಇದನ್ನು ನಿಶ್ಚಯಿಸಬೇಕು. ನಡುವೆ ನಿಯಮ ಬದಲಿಸಿದರೆ ಮನಸ್ತಾಪ ತಪ್ಪದು.

2024ರ ಹೊಸ ಪುಸ್ತಕದಲ್ಲಿ ಬಹುಕಾಲದ ಅರ್ಧ ಎಲ್ಫ್, ಅರ್ಧ ಓರ್ಕ್ ಪಾತ್ರಗಳು ಇಲ್ಲ. ಪೂರ್ಣ ಓರ್ಕನಿಗೆ ಮಾತ್ರ ಸ್ಥಾನ ಸಿಕ್ಕಿದೆ. ಎರಡು ಮನೆಗಳ ನಡುವೆ ನಿಂತವನ ಪಾತ್ರ ಹೋಯಿತಲ್ಲಾ ಎಂದು ಅನೇಕ ಆಟಗಾರರು ಮರುಗಿದರು. ಆ ಮರುಕವು ನಮಗೆ ಅರ್ಥವಾಗದ್ದಲ್ಲ. ಊರಿಗೆ ಹೋದರೆ ಮುಂಬಯಿಯವನು, ಮುಂಬಯಿಯಲ್ಲಿ ಊರವನು ಎನಿಸಿಕೊಳ್ಳುವ ಮಕ್ಕಳು ನಮ್ಮ ಮನೆಗಳಲ್ಲೇ ಬೆಳೆಯುತ್ತಿದ್ದಾರೆ. ಆಟದಲ್ಲಾದರೂ ಅಂಥವನಿಗೆ ಒಂದು ಕುರ್ಚಿ ಇರಲಿ.