ಓಡುವ ಹುಡುಗರ ಇಸಿಜಿ

ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯಂಥ ಊರುಗಳಲ್ಲಿ ನಸುಕಿಗೇ ಎದ್ದು ಓಡುವ ಹುಡುಗರಿಗೆ ಪದಕದ ಆಸೆಗಿಂತ ನೌಕರಿಯ ಚಿಂತೆ ದೊಡ್ಡದು. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದರೆ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಸೈನ್ಯದ ಭರ್ತಿಗೂ ಅಂಥದ್ದೇ ಓಟ. ತಿಂಗಳುಗಟ್ಟಲೆ ಹೀಗೆ ಮೈ ಪಳಗಿಸಿದವನ ಇಸಿಜಿ ತೆಗೆದರೆ, ಕಾಗದದ ಮೇಲ್ತುದಿಯಲ್ಲಿ ಯಂತ್ರವೇ 'ಅಬ್ನಾರ್ಮಲ್' ಎಂದು ಅಚ್ಚು ಹಾಕಿರಬಹುದು. ಇವನು ದಿನಾ ಓಡುವವನೆಂದು ಯಂತ್ರಕ್ಕೆ ಯಾರೂ ತಿಳಿಸಿರುವುದಿಲ್ಲ.

ಪಳಗಿದ ದೇಹ ಸುಮ್ಮನಿರುವಾಗ ಹೃದಯದ ಮೇಲೆ, ಬಡಿತವನ್ನು ನಿಧಾನಿಸುವ ವೇಗಸ್ ನರದ ಹಿಡಿತ ಬಿಗಿಯಾಗಿರುತ್ತದೆ. ನಾಡಿ ನಿಮಿಷಕ್ಕೆ 40ರ ಆಸುಪಾಸಿಗೆ ಇಳಿದರೂ ಅಷ್ಟರಿಂದಲೇ ರೋಗವೆನ್ನಲಾಗದು. ಉಸಿರೆಳೆದಾಗ ಬಡಿತ ಚುರುಕಾಗಿ, ಬಿಟ್ಟಾಗ ನಿಧಾನವಾಗುವುದೂ ಸಹಜವೇ. ನೋಡುವವರನ್ನು ಹೆದರಿಸುವ ಲಯ ಇನ್ನೊಂದಿದೆ: ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಹೋಗುವ ವಿದ್ಯುತ್ ಸಂಕೇತ ಪ್ರತಿ ಸಲವೂ ತುಸು ತುಸು ತಡವಾಗುತ್ತ, ಕೊನೆಗೊಂದು ಬಡಿತವೇ ತಪ್ಪುತ್ತದೆ. ಇದಕ್ಕೆ ವೆಂಕೆಬಾಕ್ ಲಯವೆಂದು ಹೆಸರು. ಹುಡುಗನನ್ನು ಮಂಚದಿಂದಿಳಿಸಿ, ನಿಂತಲ್ಲೇ ಒಂದಿಷ್ಟು ಜಿಗಿಸಿ ಮತ್ತೆ ಇಸಿಜಿ ತೆಗೆದರೆ ಸಾಮಾನ್ಯವಾಗಿ ಲಯ ಸರಿಹೋಗಿರುತ್ತದೆ. ದುಬಾರಿ ಪರೀಕ್ಷೆಗೆ ಚೀಟಿ ಬರೆಯುವ ಮುನ್ನ ಕಾಸಿನ ಖರ್ಚಿಲ್ಲದ ಈ ಕೆಲಸ ಆಗಲಿ.

ಆಟಗಾರರ ಇಸಿಜಿ ಓದಲು 2017ರಲ್ಲಿ ಅಂತರರಾಷ್ಟ್ರೀಯ ಮಾನದಂಡಗಳು ಬಂದವು. ಅವುಗಳ ಪ್ರಕಾರ 30ಕ್ಕಿಂತ ಕಡಿಮೆ ಬಡಿತ, ಹತ್ತು ಸೆಕೆಂಡಿನ ಪಟ್ಟಿಯಲ್ಲಿ ಕೆಳಕೋಣೆಯಿಂದೆದ್ದ ಎರಡೋ ಹೆಚ್ಚೋ ಅಕಾಲ ಬಡಿತಗಳು, ಸಂಕೇತಕ್ಕೆ ಹುಟ್ಟಿನಿಂದಲೇ ಇರುವ ಅಡ್ಡದಾರಿ, ಇವನ್ನು ಅಭ್ಯಾಸದ ಲೆಕ್ಕಕ್ಕೆ ಹಾಕಿ ಕೈಬಿಡುವಂತಿಲ್ಲ. ಕೆಳಕೋಣೆಯ ವಿದ್ಯುತ್ ಚಟುವಟಿಕೆ ಶುರುವಾಗಿ ಮುಗಿಯುವಷ್ಟು ಹೊತ್ತು, ಅಂದರೆ ಕ್ಯೂಟಿ ಅಂತರವೂ ಹಾಗೆಯೇ. ಬಡಿತದ ವೇಗಕ್ಕೆ ಹೊಂದಿಸಿ ಎಣಿಸಿದಾಗ ಅದು ಹುಡುಗರಲ್ಲಿ 470, ಹುಡುಗಿಯರಲ್ಲಿ 480 ಮಿಲಿಸೆಕೆಂಡ್ ಮುಟ್ಟಿದರೆ ಮುಂದಿನ ತಪಾಸಣೆ ಬೇಕು.

ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ಕಡೆ ಈ ಕ್ಯೂಟಿಯನ್ನು ಇನ್ನಷ್ಟು ಗಮನವಿಟ್ಟು ನೋಡಬೇಕು. 1957ರಲ್ಲಿ ನಾರ್ವೆಯ ವೈದ್ಯರಾದ ಯೆರ್ವೆಲ್ ಮತ್ತು ಲಾಂಗೆ-ನೀಲ್ಸನ್ ಒಂದೇ ಮನೆಯ ಮಕ್ಕಳಲ್ಲಿ ಹುಟ್ಟುಕಿವುಡು ಮತ್ತು ಉದ್ದನೆಯ ಕ್ಯೂಟಿ ಒಟ್ಟಿಗೇ ಇದ್ದುದನ್ನು ವರ್ಣಿಸಿದರು. ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದರೆ ಮಾತ್ರ ಬರುವ ಕಾಯಿಲೆಯಿದು. ರಕ್ತಸಂಬಂಧದ ಮದುವೆಯಲ್ಲಿ ಆ ಸಾಧ್ಯತೆ ಹೆಚ್ಚು. ಹುಟ್ಟುಕಿವುಡಿನ ಮಗು ಓಡುವಾಗ ಬವಳಿ ಬಂದು ಬಿದ್ದರೆ ಅದನ್ನು ಮೂರ್ಛೆರೋಗವೆಂದು ಸುಮ್ಮನಾಗದೆ ಇಸಿಜಿ ತೆಗೆಸಬೇಕು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ ಮೇಲೆ ಆಸ್ಪತ್ರೆಗಳಲ್ಲಿ ತಪಾಸಣೆಗೆ ಜನ ಮುಗಿಬಿದ್ದರು. ಆ ಭಯ ನಿಜವಾದದ್ದೇ. ಆದರೆ ನಡುವಯಸ್ಸಿನ ಹೃದಯಾಘಾತಕ್ಕೆ ಹೆಚ್ಚಾಗಿ ರಕ್ತನಾಳದ ಅಡಚಣೆ ಕಾರಣ. ಹದಿಹರೆಯದ ಓಟಗಾರನಲ್ಲಿ ಹುಡುಕಬೇಕಾದದ್ದು ಹೃದಯದ ಸ್ನಾಯುವಿನ, ವಿದ್ಯುತ್ತಿನ, ಹುಟ್ಟಿನಿಂದ ಬಂದ ದೋಷಗಳನ್ನು.

ಹಾಗಾಗಿ ಕಾಗದಕ್ಕಿಂತ ಮೊದಲು ಮಾತು. ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಇದ್ದಕ್ಕಿದ್ದಂತೆ ಸತ್ತಿದ್ದಾರೆಯೇ? ಹುಡುಗ ಎಂದಾದರೂ ಬಿದ್ದದ್ದುಂಟೇ, ಬಿದ್ದದ್ದು ಯಾವಾಗ? ಓಟ ಮುಗಿಸಿ ನಿಂತ ಮೇಲೆ ಕುಸಿದಿದ್ದರೆ, ಹಲವು ಸಲ ಅದು ಕಾಲಿನಲ್ಲಿ ರಕ್ತ ತಂಗಿ ಒತ್ತಡ ಇಳಿದದ್ದಷ್ಟೇ. ಓಡುತ್ತಿರುವಾಗಲೇ ಬಿದ್ದವನನ್ನು ಮಾತ್ರ ಎಕೋ, ಟ್ರೆಡ್‌ಮಿಲ್, ಹೋಲ್ಟರ್ ಪರೀಕ್ಷೆಗಳು ಮುಗಿದು ಹೃದ್ರೋಗ ತಜ್ಞರು ಒಪ್ಪುವವರೆಗೆ ಮೈದಾನಕ್ಕೆ ಬಿಡಬಾರದು, ಇಸಿಜಿ ಚೆನ್ನಾಗಿಯೇ ಬಂದಿದ್ದರೂ. ತಪ್ಪು ಜಾಗದಿಂದ ಹೊರಟ ಹೃದಯದ ರಕ್ತನಾಳ ಮಲಗಿಸಿ ತೆಗೆದ ಇಸಿಜಿಯಲ್ಲಿ ಬಹುಮಟ್ಟಿಗೆ ಕಾಣುವುದೇ ಇಲ್ಲ.