ಇಬ್ಬರ ಪ್ರವಾಸ, ಒಂದು ಅಟ್ಲಾಸ್

ನಮ್ಮ ಭಾಗದಲ್ಲಿ ಮದುವೆಗಳು ಹೆಚ್ಚಾಗಿ ಬೇಸಿಗೆಯಲ್ಲೇ ನಡೆಯುತ್ತವೆ. ಜೋಳ, ತೊಗರಿ, ಕಡಲೆ ಎಲ್ಲ ಮನೆ ಸೇರಿರುತ್ತವೆ, ಹೊಲದಲ್ಲಿ ಕೆಲಸವಿರುವುದಿಲ್ಲ, ಮಕ್ಕಳಿಗೆ ಸೂಟಿ. ಆದ್ದರಿಂದ ಅಫಜಲಪುರ ತಾಲ್ಲೂಕಿನ ಬಹುತೇಕ ಗಂಡ-ಹೆಂಡಿರ ಮದುವೆಯ ವಾರ್ಷಿಕೋತ್ಸವ ಬರುವುದು ಭೀಮೆಯಲ್ಲಿ ನೀರು ಇಳಿದು, ನೆಲ ಬಾಯಿಬಿಟ್ಟು, ಮಧ್ಯಾಹ್ನ ನಾಯಿಯೂ ಹೊರಗೆ ಕಾಲಿಡದ ದಿನಗಳಲ್ಲಿ! ನಮ್ಮದೂ ಹಾಗೆಯೇ. ಬರುವ ಮೇ ತಿಂಗಳಿಗೆ ನಮ್ಮ ಮದುವೆಗೆ ಮೂವತ್ತು ವರ್ಷ ತುಂಬುತ್ತದೆ. ಈ ಸಲ ಹೊರದೇಶಕ್ಕೆ ಹೋಗಿಬರುವುದೆಂದು ನಾವಿಬ್ಬರೂ ತೀರ್ಮಾನಿಸಿ ಆರು ತಿಂಗಳಾಯಿತು. ಹೋಗುವುದು ಹದಿನಾಲ್ಕು ದಿನಕ್ಕೆ, ತಯಾರಿ ಒಂದು ವರ್ಷದ್ದು. ಆ ತಯಾರಿಯಲ್ಲಿ ಭೂಗೋಳವಿದೆ, ಗಣಿತವಿದೆ, ಜೀವಶಾಸ್ತ್ರವಿದೆ. ಅದಕ್ಕೇ ಇದನ್ನು ಮಕ್ಕಳಿಗೂ ಪಾಲಕರಿಗೂ ಹೇಳಬೇಕೆನಿಸಿತು.

ನಮ್ಮೂರುಗಳಿಂದ ವಿಮಾನ ಹತ್ತಿದ ದಂಪತಿಗಳು ಈಗ ಕಡಿಮೆಯೇನಿಲ್ಲ. ಆದರೆ ಅವರಲ್ಲಿ ಬಹಳ ಮಂದಿ ಹೋದದ್ದು ಮಗಳ ಬಾಣಂತನಕ್ಕೆ, ಇಲ್ಲವೆ ಮೊಮ್ಮಗುವನ್ನು ಆಡಿಸುವುದಕ್ಕೆ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಅಂಥ ಅಮೆರಿಕದ ವಾಸವನ್ನೇ ಬರೆದು 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಆದರೆ ಎಲ್ಲರೂ ಗೊರೂರರಲ್ಲವಲ್ಲ! ಅನೇಕ ತಾಯಂದಿರು ಆರು ತಿಂಗಳಿದ್ದು ನೋಡಿ ಬಂದದ್ದು ಅಡುಗೆಮನೆಯ ಕಿಟಕಿಯಾಚೆಯ ಹಿಮವನ್ನು ಮಾತ್ರ. ತಮಗಾಗಿಯೇ, ಇಬ್ಬರೇ ಹೋಗುವುದೆಂದರೆ ಊರಲ್ಲಿ ಇನ್ನೂ ವಿಚಿತ್ರವಾಗಿ ಕಾಣುತ್ತದೆ. ‘ಕಾಶಿ ಆಗಿಲ್ಲ, ಲಂಡನ್ ಯಾಕ್ರಿ ಸರ?’ ಎಂದು ಕೇಳಿದವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ನಾವು ತೆಗೆಯುತ್ತಿರುವುದು ಮಾಳಿಗೆಯ ಮೇಲೆ ಎರಡು ಕೋಣೆ ಹಾಕಿಸಲೆಂದು ಇಟ್ಟಿದ್ದ ಹಣ. ಹೀಗಿರುವಾಗ ಆ ಹಣ ಯಾವುದಕ್ಕೆ ಹೋಗುತ್ತದೆ ಎಂಬುದನ್ನು ಇಬ್ಬರೂ ಕೂತು ನೋಡಲೇಬೇಕು.

ಮೊದಲು ಒಬ್ಬ ಏಜೆಂಟರು ಬಣ್ಣದ ಹಾಳೆ ಕೊಟ್ಟರು. ಹತ್ತು ದಿನ, ಏಳು ದೇಶ! ನನ್ನ ಒಂಬತ್ತನೆಯ ತರಗತಿಯ ಹುಡುಗರಿಗೆ ಅಟ್ಲಾಸ್ ಕೊಟ್ಟು, ಅಳತೆಪಟ್ಟಿಯಿಂದ ಆ ಊರುಗಳ ನಡುವಿನ ದೂರ ಅಳೆಯಲು ಹೇಳಿದೆ. ಬಸ್ಸಿನ ವೇಗ ಗಂಟೆಗೆ 80 ಕಿಲೋಮೀಟರ್ ಎಂದು ಹಿಡಿದರೂ, ನಿದ್ದೆ ಊಟ ಕಳೆದು ಎಚ್ಚರವಾಗಿರುವ ಹೊತ್ತಿನಲ್ಲಿ ಸುಮಾರು ಅರ್ಧ ಬಸ್ಸಿನೊಳಗೇ ಕಳೆಯುತ್ತದೆ ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಹಾಳೆಯನ್ನು ಮಡಿಚಿಟ್ಟೆವು. ಪ್ರವಾಸವನ್ನು ನೋಡುವ ಜಾಗಗಳಿಂದಲ್ಲ, ಮಲಗುವ ರಾತ್ರಿಗಳಿಂದ ಎಣಿಸಬೇಕು. ಮನೆಯಲ್ಲಿ ಎಂಬತ್ತು ದಾಟಿದ ಅವ್ವ ಇದ್ದಾರೆ. ತಂಗಿ ಬಂದು ನೋಡಿಕೊಳ್ಳಲು ಒಪ್ಪಿದ್ದು ಎರಡು ವಾರಕ್ಕೆ. ಹೋಗಿಬರುವ ವಿಮಾನದ ಹೊತ್ತು ಕಳೆದರೆ ನಮಗೆ ಉಳಿದದ್ದು ಹನ್ನೊಂದು ರಾತ್ರಿ. ಒಂದೇ ದೇಶ, ಎರಡೇ ತಂಗುದಾಣ, ಒಂದು ಪಟ್ಟಣದಲ್ಲಿ, ಒಂದು ಹಳ್ಳಿಗಾಡಿನಲ್ಲಿ ಎಂದು ಗೊತ್ತುಮಾಡಿದೆವು.

ಯಾವ ದೇಶ? ಇಬ್ಬರೂ ಬೇರೆ ಬೇರೆ ಚೀಟಿ ಬರೆಯುವುದೆಂದಾಯಿತು. ನನ್ನ ಚೀಟಿಯಲ್ಲಿ ಹದಿನಾಲ್ಕು ಹೆಸರುಗಳಿದ್ದವು. ನಮ್ಮ ಮನೆಯವರ ಚೀಟಿಯಲ್ಲಿ ಎರಡೇ: ಒಂದು, ಲಂಡನ್ನಿನ ಬಸವಣ್ಣ. ಇನ್ನೊಂದು, ‘ಅವರ ಕಡೆಯ ಒಂದು ಸಂತೆ’. ಹದಿನಾಲ್ಕಕ್ಕಿಂತ ಆ ಎರಡೇ ಪ್ರವಾಸಕ್ಕೆ ದಿಕ್ಕು ತೋರಿಸಿದವು.

ಬಸವಣ್ಣನಿಗೆ ಮೊದಲ ಬೆಳಗು

ಥೇಮ್ಸ್ ನದಿಯ ದಂಡೆಯಲ್ಲಿ, ಬ್ರಿಟಿಷ್ ಪಾರ್ಲಿಮೆಂಟಿನ ಎದುರು ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆಯಿದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಅನಾವರಣ ಮಾಡಿದರು. ಇದರ ಹಿಂದೆ ದುಡಿದವರು ಲ್ಯಾಂಬೆತ್ ಭಾಗದ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲ. ಅವರು ನಮ್ಮ ಕಲಬುರಗಿ ಜಿಲ್ಲೆಯವರೇ. ಕಲ್ಯಾಣದ ಅನುಭವ ಮಂಟಪದವರು ಪಾರ್ಲಿಮೆಂಟಿನ ಎದುರು ಕೂತಿದ್ದಾರೆಂದರೆ ನಮ್ಮ ಮನೆಯವರಿಗೆ ಅದು ಯಾವ ಅರಮನೆಗಿಂತಲೂ ದೊಡ್ಡದು.

ಅದನ್ನು ಯಾವ ದಿನ ನೋಡುವುದು? ಇಲ್ಲಿ ವಿಜ್ಞಾನ ನೆರವಿಗೆ ಬಂತು. ಭಾರತದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಆದರೆ ಬೇಸಿಗೆಯಲ್ಲಿ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಮೇ ತಿಂಗಳಲ್ಲಿ ವ್ಯತ್ಯಾಸ ನಾಲ್ಕೂವರೆ ಗಂಟೆ. ದೇಹದೊಳಗಿನ ಗಡಿಯಾರ ವಿಮಾನದಷ್ಟು ಬೇಗ ಬದಲಾಗದು. ಗಂಟೆಗೊಂದು ದಿನ ಬೇಕೆಂಬುದು ಸ್ಥೂಲ ಲೆಕ್ಕ. ನಮ್ಮ ಮನೆಯವರು ದಿನಾ ಐದಕ್ಕೆ ಏಳುವವರು. ಏಳು ತಾಸು ತಡವಾಗಿ ಮಲಗಿದರೂ ಮೊದಲ ದಿನ ಲಂಡನ್ನಿನಲ್ಲಿ ನಸುಕಿನ ನಾಲ್ಕರ ಹೊತ್ತಿಗೆ ಕಣ್ಣು ತೆರೆಯುವುದು ಖಂಡಿತ. ಮ್ಯೂಸಿಯಂ ತೆರೆಯುವುದು ಹತ್ತಕ್ಕೆ. ಆದರೆ ಮೇ ನಡುವಿನಲ್ಲಿ ಅಲ್ಲಿ ಐದೂಕಾಲಿನ ಒಳಗೇ ಸೂರ್ಯ ಮೂಡಿರುತ್ತಾನೆ. ನದಿಯ ದಂಡೆಗೆ ಟಿಕೀಟಿಲ್ಲ, ಬಾಗಿಲಿಲ್ಲ. ಬಸವಣ್ಣ ಮೊದಲ ಬೆಳಗಿಗೇ ಎಂದು ಬರೆದುಕೊಂಡೆವು. ಎಚ್ಚರವಾಗಿ ಹೊರಳಾಡುವ ಹೊತ್ತು ಹೀಗೆ ಕೆಲಸಕ್ಕೆ ಬಂತು. ಮೊದಲೆರಡು ಸಂಜೆ ಮಾತ್ರ ಏನೂ ಇಟ್ಟುಕೊಂಡಿಲ್ಲ; ಏಳಕ್ಕೇ ಕಣ್ಣು ಎಳೆಯುತ್ತವೆ.

ನನ್ನ ಪಾಲಿನ ಗ್ರೀನಿಚ್‌ಗೆ ಥೇಮ್ಸ್‌ನಲ್ಲಿ ದೋಣಿಯ ಮೇಲೆ ಹೋಗಬಹುದು. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಸಮ್ಮೇಳನ ಅಲ್ಲಿಯ ರೇಖೆಯನ್ನೇ ಶೂನ್ಯ ರೇಖಾಂಶವೆಂದು ಒಪ್ಪಿತು. ಪ್ರವಾಸಿಗಳು ಆ ಪಟ್ಟಿಯ ಎರಡೂ ಕಡೆ ಕಾಲಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಅಲ್ಲಿ ನಿಂತು ಮೊಬೈಲ್ ತೆರೆದರೆ ಅದು ಶೂನ್ಯ ತೋರಿಸುವುದಿಲ್ಲ! ಜಿಪಿಎಸ್‌ನ ಶೂನ್ಯ ರೇಖೆ ಸುಮಾರು 102 ಮೀಟರ್ ಪೂರ್ವಕ್ಕಿದೆ. ಹಳೆಯ ಖಗೋಳ ಶಾಸ್ತ್ರಜ್ಞರು ಪಾದರಸದ ಬಟ್ಟಲು ಇಟ್ಟು ‘ಲಂಬ’ ಗುರುತಿಸುತ್ತಿದ್ದರು. ನೆಲದೊಳಗಿನ ರಾಶಿ ಎಲ್ಲೆಡೆ ಒಂದೇ ಸಮ ಇಲ್ಲದ್ದರಿಂದ ಗುರುತ್ವದ ದಿಕ್ಕು ಅಲ್ಲಿ ಕೊಂಚ ವಾಲಿದೆ. ಉಪಗ್ರಹಗಳು ಅಳೆಯುವುದು ಭೂಮಿಯ ಕೇಂದ್ರದಿಂದ. ಇಷ್ಟನ್ನು ತರಗತಿಯಲ್ಲಿ ಎರಡು ಪೀರಿಯಡ್ ಹೇಳಬಹುದು. ನಮ್ಮ ಮನೆಯವರು ಆ ಹೊತ್ತಿನಲ್ಲಿ ಹುಲ್ಲಿನ ಮೇಲೆ ಕೂತು ದೋಣಿ ನೋಡುವುದಾಗಿ ಈಗಲೇ ಹೇಳಿದ್ದಾರೆ.

ಬ್ರಿಟಿಷ್ ಮ್ಯೂಸಿಯಂ, ಸೈನ್ಸ್ ಮ್ಯೂಸಿಯಂ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗಳ ಮುಖ್ಯ ಸಂಗ್ರಹಗಳಿಗೆ ಪ್ರವೇಶಧನವಿಲ್ಲ. ಪುಕ್ಕಟೆ ಎಂದು ಮೂರನ್ನೂ ಒಂದೇ ದಿನ ಮುಗಿಸಹೊರಟರೆ ನೆನಪಿನಲ್ಲಿ ಉಳಿಯುವುದು ಕಾಲುನೋವು ಮಾತ್ರ.

ನೆರಳಿಲ್ಲದ ಊರಿನಿಂದ

ಮೇ ತಿಂಗಳು ಸರಿಯೇ ಎಂಬುದನ್ನೂ ಹುಡುಗರೇ ಲೆಕ್ಕ ಹಾಕಿದರು. ನಾವಿರುವುದು 17 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಮೇ ಎರಡನೆಯ ವಾರದಲ್ಲಿ ಒಂದು ದಿನ ನಡುಮಧ್ಯಾಹ್ನ ನಮ್ಮ ಶಾಲೆಯ ಅಂಗಳದಲ್ಲಿ ನೆಟ್ಟ ಕೋಲಿಗೆ ನೆರಳೇ ಬೀಳುವುದಿಲ್ಲ. ಸೂರ್ಯ ನೆತ್ತಿಯ ಮೇಲೆ. ಲಂಡನ್ 51.5 ಡಿಗ್ರಿಯಲ್ಲಿದೆ. ಮೇ ನಡುವಿನಲ್ಲಿ ಸೂರ್ಯ ಸಮಭಾಜಕದಿಂದ ಸುಮಾರು 19 ಡಿಗ್ರಿ ಉತ್ತರಕ್ಕಿರುತ್ತಾನೆ. 90ರಲ್ಲಿ 51.5 ಕಳೆದು 19 ಕೂಡಿಸಿ. ಮಧ್ಯಾಹ್ನದ ಸೂರ್ಯನ ಎತ್ತರ 57.5 ಡಿಗ್ರಿ. ಬಿಸಿಲು ಓರೆ. ಆದರೆ ಹಗಲು ಹದಿನೈದೂವರೆ ಗಂಟೆ; ನಮ್ಮಲ್ಲಿ ಅದೇ ದಿನ ಹದಿಮೂರು. ಇನ್ನೂ ಉತ್ತರದ ಹಳ್ಳಿಗಳಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು. ಪಟ್ಟಣದಲ್ಲಿ ಉದ್ದ ಹಗಲಿನಿಂದ ಹೆಚ್ಚು ಲಾಭವಿಲ್ಲ, ಮ್ಯೂಸಿಯಂಗಳು ಐದಾರು ಗಂಟೆಗೇ ಮುಚ್ಚುತ್ತವೆ. ಹಳ್ಳಿಯಲ್ಲಿ ಊಟ ಮುಗಿಸಿ ಹೊಲದ ದಾರಿಯಲ್ಲಿ ತಿರುಗಬಹುದು. ಆದ್ದರಿಂದ ಹನ್ನೊಂದರಲ್ಲಿ ಐದು ರಾತ್ರಿ ಹಳ್ಳಿಗೆ ಕೊಟ್ಟೆವು. ಮೇ ಕೊನೆಯ ವಾರ ಅಲ್ಲಿಯ ಶಾಲೆಗಳಿಗೂ ರಜೆ ಇರುವುದರಿಂದ ಬಾಡಿಗೆ ಏರುತ್ತದೆ. ಅದಕ್ಕೆ ಮೊದಲೇ ಹಿಂತಿರುಗುವುದು ಮೇಲು. ಚಳಿಯ ಲೆಕ್ಕ ಮರೆಯಬೇಡಿ. ನಮ್ಮಲ್ಲಿ 40 ದಾಟಿದಾಗ ಲಂಡನ್ನಿನಲ್ಲಿ ಹಗಲು 18 ಡಿಗ್ರಿಯ ಸುತ್ತ, ಉತ್ತರದಲ್ಲಿ ರಾತ್ರಿ ಹತ್ತಕ್ಕಿಂತ ಕೆಳಗೆ. ಮೇ ತಿಂಗಳಲ್ಲಿ ಕಲಬುರಗಿಯ ಅಂಗಡಿಯಲ್ಲಿ ಸ್ವೆಟರ್ ಕೇಳಿದರೆ ನಗುತ್ತಾರೆ, ಡಿಸೆಂಬರಿನಲ್ಲೇ ಕೊಂಡಿಡಬೇಕು.

ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಉತ್ತರಕ್ಕೆ ಹೋಗುವ ರೈಲಿನಲ್ಲಿ ಗಂಟೆಯ ಮೇಲೆ ಸ್ವಲ್ಪ ಹೊತ್ತಿಗೆ ಗ್ರ್ಯಾಂಥಮ್ ಬರುತ್ತದೆ. ನ್ಯೂಟನ್ ಓದಿದ ಶಾಲೆ ಇರುವುದು ಅಲ್ಲಿ. ಕಿಟಕಿಯ ಕಲ್ಲಿನ ಮೇಲೆ ಹುಡುಗ ಕೊರೆದ ಹೆಸರು ಇನ್ನೂ ಇದೆಯಂತೆ. (ಬೆಂಚು ಕೊರೆಯುವ ನಮ್ಮ ಹುಡುಗರಿಗೆ ಇದನ್ನು ಹೇಳಿಲ್ಲ.) ಊರಿನಿಂದ ಹನ್ನೆರಡು ಕಿಲೋಮೀಟರ್ ಆಚೆ ವುಲ್ಸ್‌ಥಾರ್ಪ್ ಎಂಬ ಹಳ್ಳಿಯಲ್ಲಿ ಅವನ ಮನೆ. ಪ್ಲೇಗ್ ಬಂದು 1665ರಲ್ಲಿ ಕೇಂಬ್ರಿಜ್ ಮುಚ್ಚಿದಾಗ ಇಪ್ಪತ್ತೆರಡು ವರ್ಷದ ನ್ಯೂಟನ್ ಈ ಒಕ್ಕಲುಮನೆಗೆ ಮರಳಿ, ಬೆಳಕು, ಗುರುತ್ವ, ಕಲನಶಾಸ್ತ್ರಗಳ ಬಗ್ಗೆ ಯೋಚಿಸುತ್ತ ಕೂತ. ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿದ್ದನ್ನು ಕಂಡ ಮಕ್ಕಳಿಗೆ ಇದು ಬೇಗ ತಿಳಿಯುತ್ತದೆ. ಅಂಗಳದ ಸೇಬಿನ ಮರ ಹತ್ತೊಂಬತ್ತನೆಯ ಶತಮಾನದಲ್ಲಿ ಬಿರುಗಾಳಿಗೆ ಉರುಳಿಬಿದ್ದು ಮತ್ತೆ ಚಿಗುರಿ ಇಂದಿಗೂ ಬದುಕಿದೆ. ನಾವು ಹೋಗುವ ಹೊತ್ತಿಗೆ ಹೂವು ಉಳಿದಿದ್ದರೆ ಪುಣ್ಯ. ಹಣ್ಣು ಬೀಳುವುದನ್ನು ನೋಡಬೇಕೆಂದರೆ ಸೆಪ್ಟೆಂಬರಿನಲ್ಲಿ ಮದುವೆಯಾಗಿರಬೇಕಿತ್ತು!

ನಮ್ಮ ಎರಡನೆಯ ತಂಗುದಾಣ ಯಾರ್ಕ್‌ಶೈರಿನ ಸೆಟಲ್ ಎಂಬ ಸಣ್ಣ ಊರು. ಅದನ್ನು ಆರಿಸಿದ್ದು ನಮ್ಮ ಮನೆಯವರ ಚೀಟಿಯ ಎರಡನೆಯ ಸಾಲಿನಿಂದ. ಅಲ್ಲಿ ಪ್ರತಿ ಮಂಗಳವಾರ ಸಂತೆ. ಆ ಸಂತೆಗೆ ರಾಜನ ಅಪ್ಪಣೆ ಸಿಕ್ಕದ್ದು 1249ರಲ್ಲಿ. ಸುತ್ತ ಕುರಿ ಮೇಯುವ ಗುಡ್ಡಗಳು, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆಗಳೇ ಬದುಗಳು. ಕಲ್ಲು ನಮಗೆ ಅಪರಿಚಿತವೇನಲ್ಲ. ಸುಣ್ಣದ ಕಲ್ಲು, ನಮ್ಮ ಶಹಾಬಾದಿನ ಚಪ್ಪಡಿಯ ಜಾತಿಯದೇ. ಹತ್ತಿರದ ಮ್ಯಾಲಮ್‌ನಲ್ಲಿ ಸುಮಾರು 80 ಮೀಟರ್ ಎತ್ತರದ ಸುಣ್ಣಕಲ್ಲಿನ ಬಂಡೆಗೋಡೆಯಿದೆ. ಮಳೆನೀರು ಕರಗಿಸಿ ಸೀಳಿದ ಹಾಸುಗಲ್ಲು ಅದರ ನೆತ್ತಿಯ ಮೇಲಿದೆ. ಮೆಟ್ಟಿಲು ನಾನೂರರಷ್ಟು. ಮೊಣಕಾಲಿನ ನೋವಿರುವವರು ಕೆಳಗಿನಿಂದಲೇ ನೋಡಬಹುದು, ದಾರಿ ಸಪಾಟಾಗಿದೆ. ನಾನೂ ಕೆಳಗೇ ಇರುತ್ತೇನೆ.

ರೈತಾಪಿ ಜನ ಗಮನಿಸಬೇಕಾದ ಒಂದು ಸಂಗತಿ. ಇಂಗ್ಲೆಂಡಿನಲ್ಲಿ ಖಾಸಗಿ ಹೊಲಗಳ ನಡುವೆಯೇ ಸಾರ್ವಜನಿಕ ಕಾಲುದಾರಿಗಳಿವೆ. ನಡೆಯುವ ಹಕ್ಕು ಕಾನೂನಿನದು, ಒಡೆಯ ತಡೆಯುವಂತಿಲ್ಲ. ತೆರೆದ ಗೇಟನ್ನು ಮುಚ್ಚಿ ಹೋಗುವುದು ನಡೆಯುವವನ ಹೊಣೆ. ಬಂಡಿದಾರಿಗಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತುವ ಊರಿನಿಂದ ಹೋದವರಿಗೆ ಇದು ಮ್ಯೂಸಿಯಂಗಿಂತ ದೊಡ್ಡ ನೋಟವಾಗಬಹುದು.

ಸೆಟಲ್‌ನಿಂದ ಕಾರ್ಲೈಲ್‌ವರೆಗೆ ಹೋಗುವ ರೈಲುದಾರಿ 1876ರಲ್ಲಿ ಪ್ರಯಾಣಿಕರಿಗೆ ತೆರೆಯಿತು. ನಷ್ಟವೆಂದು ಮುಚ್ಚಲು ಹೊರಟಾಗ ಜನ ಹೋರಾಡಿ 1989ರಲ್ಲಿ ಉಳಿಸಿಕೊಂಡರು. ದಾರಿಯಲ್ಲಿ ರಿಬಲ್‌ಹೆಡ್ ಎಂಬಲ್ಲಿ 24 ಕಮಾನುಗಳ ಸೇತುವೆ. ರೈಲಿನೊಳಗೆ ಕೂತವರಿಗೆ ಆ ಸೇತುವೆ ಕಾಣುವುದೇ ಇಲ್ಲ. ಅಲ್ಲಿ ಇಳಿದು ಸ್ವಲ್ಪ ನಡೆದು ನೋಡಿ, ಮುಂದಿನ ಗಾಡಿ ಹತ್ತಬೇಕು.

ಯಾವ ಹೆಸರಿನಲ್ಲಿ?

ಕಾಗದಪತ್ರಗಳಲ್ಲಿ ಕಷ್ಟವಾದದ್ದು ಹಣವಲ್ಲ, ಹೆಸರು. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿಗೆ ಹೊಸ ಹೆಸರಿಡುವ ಪದ್ಧತಿ ಬಹಳ ಕಾಲ ಇತ್ತು. ಶಾಲೆಯ ದಾಖಲೆಯಲ್ಲಿ ಒಂದು, ಪಡಿತರ ಚೀಟಿಯಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಎರಡೂ ಕಲಸಿದ ಮೂರನೆಯದು. ಪಾಸ್‌ಪೋರ್ಟಿನ ಅರ್ಜಿ ತುಂಬುವಾಗ ಯಾವುದು ಬರೆಯಲಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಪ್ಪ ಇಟ್ಟದ್ದು ಬರೀರಿ’ ಎಂದರು. ಮೂವತ್ತು ವರ್ಷದಿಂದ ಮನೆಯಲ್ಲಿ ಯಾರೂ ಕರೆಯದ ಹೆಸರು. ಅದಕ್ಕೆ ಹೊಂದುವಂತೆ ಆಧಾರ್, ಬ್ಯಾಂಕ್ ಖಾತೆ ತಿದ್ದಿಸಿ, ಉಪನೋಂದಣಿ ಕಚೇರಿಯಲ್ಲಿ ಮದುವೆಯನ್ನು ನೋಂದಾಯಿಸಲು ನಾಲ್ಕು ತಿಂಗಳು ಹಿಡಿಯಿತು. 2016ರ ಡಿಸೆಂಬರಿನ ನಿಯಮದಂತೆ ಪಾಸ್‌ಪೋರ್ಟಿಗೆ ಮದುವೆಯ ಪ್ರಮಾಣಪತ್ರ ಕಡ್ಡಾಯವಲ್ಲ. ಆದರೆ ವೀಸಾಕ್ಕೆ ದಂಪತಿಗಳೆಂದು ತೋರಿಸಲು ಬೇಕಾಗುತ್ತದೆ. ಪಾಲಕರೇ, ಹತ್ತನೆಯ ತರಗತಿಯ ಅಂಕಪಟ್ಟಿಗೆ ಹೆಸರು ಕಳಿಸುವ ಮುನ್ನ ಮಗಳ ಹೆಸರಿನ ಒಂದೊಂದು ಅಕ್ಷರವನ್ನೂ ಆಧಾರ್ ಜೊತೆ ಹೋಲಿಸಿ ನೋಡಿ. ಸರ್ಕಾರಿ ನೌಕರರು ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿಯನ್ನೂ ಪಡೆಯಬೇಕು.

ಬ್ರಿಟನ್ನಿನ ಪ್ರವಾಸಿ ವೀಸಾಕ್ಕೆ ಹೊರಡುವ ಮೂರು ತಿಂಗಳ ಒಳಗೆ ಮಾತ್ರ ಅರ್ಜಿ ಹಾಕಬಹುದು. ಆರು ತಿಂಗಳ ವೀಸಾದ ಶುಲ್ಕ 2025ರ ಏಪ್ರಿಲ್‌ನಲ್ಲಿ 127 ಪೌಂಡಿಗೆ ಏರಿತು. ಬೆರಳಚ್ಚು ಕೊಡಲು ಖುದ್ದಾಗಿ ಹೋಗಬೇಕು. ನಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಫ್ರಾನ್ಸ್, ಸ್ವಿಟ್ಜರ್ಲೆಂಡ್ ಮೊದಲಾದ ಷೆಂಗೆನ್ ದೇಶಗಳ ವೀಸಾ ಬೇರೆಯೇ. ಅದಕ್ಕೆ 2024ರ ಜೂನ್‌ನಿಂದ ತಲೆಗೆ 90 ಯೂರೋ, ಜೊತೆಗೆ ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ. ‘ಅಷ್ಟು ದೂರ ಹೋಗಿ ಪ್ಯಾರಿಸ್ ನೋಡದೆ ಬರುವುದೇ?’ ಎನ್ನುವವರು ಈ ಎರಡನೆಯ ವೀಸಾದ ಖರ್ಚನ್ನು ಹೇಳುವುದಿಲ್ಲ. ಬ್ರಿಟನ್ನಿಗೆ ವಿಮೆ ಕಡ್ಡಾಯವಲ್ಲ, ಆದರೂ ಐವತ್ತು ದಾಟಿದವರು ಮಾಡಿಸದೆ ಹೊರಡುವುದು ಹುಚ್ಚುತನ. ಕೈಗಡ ತಂದು ಖಾತೆಗೆ ಒಮ್ಮೆಲೇ ದೊಡ್ಡ ಮೊತ್ತ ತುಂಬಿ ತೋರಿಸುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಮೂಲ ತೋರಿಸಲಾಗದ ಹಣವೇ ಅರ್ಜಿ ತಿರಸ್ಕಾರಕ್ಕೆ ಕಾರಣವಾದೀತು. ವೀಸಾ ಕೈಗೆ ಬರುವ ಮೊದಲು, ರದ್ದು ಮಾಡಿದರೆ ಹಣ ಮರಳದಂಥ ವಿಮಾನ ಟಿಕೀಟನ್ನೂ ಕೊಳ್ಳಬೇಡಿ.

ಇಬ್ಬರೇ ಹೋಗುವವರಿಗೆ ಅಲ್ಲಿಯ ರೈಲಿನವರು ಒಂದು ಅನುಕೂಲ ಮಾಡಿದ್ದಾರೆ. ‘ಟೂ ಟುಗೆದರ್’ ಎಂಬ ಕಾರ್ಡು. 2025ರ ಮಾರ್ಚ್‌ನಿಂದ ಅದರ ಬೆಲೆ 35 ಪೌಂಡು. ಹೆಸರಿಸಿದ ಇಬ್ಬರೂ ಜೊತೆಗಿದ್ದರೆ ಟಿಕೀಟಿನಲ್ಲಿ ಮೂರನೆಯ ಒಂದು ಭಾಗ ಕಡಿತ. ವಾರದ ದಿನಗಳಲ್ಲಿ ಬೆಳಗಿನ ಒಂಬತ್ತೂವರೆಗೆ ಮೊದಲು ನಡೆಯದು. ಜಗಳವಾಡಿ ಒಬ್ಬರು ಬೇರೆ ಗಾಡಿ ಹತ್ತಿದರೆ ಇಬ್ಬರಿಗೂ ನಷ್ಟ!

ಬುತ್ತಿಯ ಮಾತು ಉಳಿಯಿತು. ಹಾಲಿನ ಪದಾರ್ಥಗಳನ್ನು ಭಾರತದಿಂದ ಬ್ರಿಟನ್ನಿಗೆ ಒಯ್ಯುವಂತಿಲ್ಲ. ತುಪ್ಪ, ಪೇಢೆ, ಖೋವಾದ ಸಿಹಿ ಎಲ್ಲ ವಿಮಾನ ನಿಲ್ದಾಣದ ಕಸದ ಡಬ್ಬಿಗೆ. ಕಟಕ ರೊಟ್ಟಿ, ಶೇಂಗಾ ಹಿಂಡಿಗೆ ತೊಂದರೆಯಿಲ್ಲ. ಎಷ್ಟು ರೊಟ್ಟಿ ಎಂಬುದರಲ್ಲಿ ಇನ್ನೂ ಒಮ್ಮತವಾಗಿಲ್ಲ. ನಾನು ಇಪ್ಪತ್ತು ಎಂದಿದ್ದೇನೆ, ಅವರು ಅರವತ್ತು ಎನ್ನುತ್ತಾರೆ. ಫೆಬ್ರುವರಿಯಲ್ಲಿ ವೀಸಾ ಅರ್ಜಿ ಹಾಕಿ ಬಂದಮೇಲೆ ತಕ್ಕಡಿ ಇಟ್ಟು ತೂಗುವುದೆಂದಾಗಿದೆ.