ಮಗುವಿನ ಬಾಯಲ್ಲಿ ಬೈಗುಳ ಬಂದಾಗ...

ಆರು ವರ್ಷದ ಹುಡುಗ ಅಪಾರ್ಟ್‌ಮೆಂಟ್ ಕೆಳಗೆ ಆಟ ಮುಗಿಸಿ ಬಂದು, ಊಟಕ್ಕೆ ಕೂತಾಗ ಒಂದು ಕೆಟ್ಟ ಪದ ಉದುರಿಸ್ತಾನೆ ಅಂದ್ಕೊಳ್ಳಿ. ಅಜ್ಜಿ "ತೌಬಾ ತೌಬಾ" ಅಂತಾರೆ. ಚಿಕ್ಕಪ್ಪ ಮುಸಿಮುಸಿ ನಗ್ತಾರೆ. ಅಮ್ಮ "ಬಾಯಿಗೆ ಮೆಣಸಿನಪುಡಿ ಹಾಕ್ತೀನಿ ನೋಡು" ಅಂತ ಗದರ್ತಾಳೆ. ಪಾಪ, ಹುಡುಗನಿಗೆ ಆ ಪದದ ಅರ್ಥವೇ ಗೊತ್ತಿಲ್ಲ. ಅವನಿಗೆ ಗೊತ್ತಾಗಿದ್ದು ಇಷ್ಟೇ: ಇದನ್ನ ಹೇಳಿದ್ರೆ ಎಲ್ರೂ ನನ್ನನ್ನೇ ನೋಡ್ತಾರೆ!

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಬಗ್ ಕಂಡ ಕೂಡಲೇ ಯಾರೂ ಲ್ಯಾಪ್‌ಟಾಪ್ ಒಡೆಯಲ್ಲ. ಅದು ಎಲ್ಲಿಂದ ಬಂತು ಅಂತ ಮೊದಲು ಹುಡುಕ್ತೀವಿ. ಮಕ್ಕಳ ಮಾತಿನ ವಿಷಯದಲ್ಲೂ ಆ ತಾಳ್ಮೆ ಬೇಕು.

ಮಾತು ಸಣ್ಣ ವಿಷಯ ಅಲ್ಲ

ಇಸ್ಲಾಮಿನಲ್ಲಿ ನಾಲಿಗೆಯ ಶಿಸ್ತು ಈಮಾನಿನ ಭಾಗ. ಕುರ್‌ಆನಿನ ಸೂರಃ ಇಬ್ರಾಹೀಮ್ ಒಳ್ಳೆಯ ಮಾತನ್ನು ಬೇರು ಗಟ್ಟಿಯಾಗಿರುವ, ಕೊಂಬೆಗಳು ಆಕಾಶಕ್ಕೆ ಚಾಚಿರುವ ಮರಕ್ಕೆ ಹೋಲಿಸುತ್ತದೆ. ಕೆಟ್ಟ ಮಾತು ನೆಲದಿಂದ ಕಿತ್ತುಬಂದ ಮರದಂತೆ, ಅದಕ್ಕೆ ನೆಲೆಯಿಲ್ಲ. ಮಕ್ಕಳಿಗೆ ಈ ಹೋಲಿಕೆ ಬೇಗ ಅರ್ಥವಾಗುತ್ತದೆ. ಪಾರ್ಕಿನಲ್ಲಿ ಮರ ತೋರಿಸಿಯೇ ಹೇಳಬಹುದು.

ಬೈಗುಳಗಳಲ್ಲಿ ಹೆಚ್ಚಿನವು ತಾಯಿ, ಅಕ್ಕತಂಗಿಯರ ಮೇಲಿನವು ಅನ್ನೋದನ್ನ ಗಮನಿಸಿದ್ದೀರಾ? ಅಬೂದರ್ರ್ (ರ) ಒಮ್ಮೆ ಒಬ್ಬರನ್ನು ಅವರ ತಾಯಿಯ ಹೆಸರೆತ್ತಿ ಹೀಯಾಳಿಸಿದಾಗ, ನಿಮ್ಮಲ್ಲಿ ಇನ್ನೂ ಅಜ್ಞಾನ ಕಾಲದ ಗುಣ ಉಳಿದಿದೆ ಎಂದು ಪ್ರವಾದಿ (ಸ) ನೇರವಾಗಿಯೇ ಹೇಳಿದರು. ಇನ್ನೊಬ್ಬರ ತಂದೆತಾಯಿಯನ್ನು ಬೈದರೆ ಅವರು ತಿರುಗಿ ನಮ್ಮ ತಂದೆತಾಯಿಯನ್ನು ಬೈಯುತ್ತಾರೆ, ಹಾಗಾಗಿ ಅದು ನಾವೇ ನಮ್ಮ ಹೆತ್ತವರನ್ನು ಬೈದಂತೆ ಎಂದೂ ಹದೀಸಿನಲ್ಲಿದೆ. ಹತ್ತು-ಹನ್ನೆರಡರ ಹುಡುಗನಿಗೆ "ಅದು ಕೆಟ್ಟ ಪದ" ಅಂದರೆ ಸಾಲದು. "ಆ ಪದ ಯಾರ ಮರ್ಯಾದೆ ತೆಗೀತಿದೆ, ಯೋಚಿಸು" ಅಂತ ಕೇಳಿ. ಇವತ್ತು ಆ ಪದವನ್ನು ತಮಾಷೆ ಅಂತ ಬಿಟ್ಟುಬಿಟ್ಟರೆ, ನಾಳೆ ಅವನು ಹೆಣ್ಣುಮಕ್ಕಳನ್ನು ನೋಡುವ ರೀತಿಯಲ್ಲೇ ಅದು ಸೇರಿಕೊಳ್ಳುತ್ತದೆ.

"ಡುಮ್ಮ", "ಕರಿಯ" ಕೂಡ ಇದೇ ಸಾಲಿಗೆ

ಬೈಗುಳವೇ ಇಲ್ಲದ ಮನೆಗಳಲ್ಲೂ ಅಡ್ಡಹೆಸರು ಧಾರಾಳವಾಗಿ ಓಡಾಡುತ್ತವೆ. ಸೂರಃ ಹುಜುರಾತ್ ಒಬ್ಬರನ್ನೊಬ್ಬರು ಗೇಲಿ ಮಾಡುವುದನ್ನೂ, ಕೆಟ್ಟ ಅಡ್ಡಹೆಸರಿನಿಂದ ಕರೆಯುವುದನ್ನೂ ಸ್ಪಷ್ಟವಾಗಿ ತಡೆಯುತ್ತದೆ. ಪಕ್ಕದ ಮನೆ ಮಗುವನ್ನು ನಾವೇ "ಆ ಡುಮ್ಮ" ಅಂದರೆ, ನಮ್ಮ ಮಕ್ಕಳಿಗೆ ಅದು ಪರ್ಮಿಷನ್ ಕೊಟ್ಟ ಹಾಗೆ.

ಬೇರೆಯವರು ಪೂಜಿಸುವ ದೇವರುಗಳನ್ನು ನಿಂದಿಸಬಾರದು ಎಂಬುದು ಸೂರಃ ಅನ್‌ಆಮ್‌ನ ಆದೇಶ. ಎಲ್ಲ ಧರ್ಮದ ಮಕ್ಕಳೂ ಒಟ್ಟಿಗೆ ಕ್ರಿಕೆಟ್ ಆಡುವ ನಮ್ಮ ಬೀದಿಗಳಲ್ಲಿ ಇದನ್ನು ಚಿಕ್ಕಂದಿನಲ್ಲೇ ಕಲಿಸಬೇಕು. ಜಗಳ ಬಾಲಿನ ಬಗ್ಗೆ ಆಗಲಿ, ದೇವರವರೆಗೂ ಹೋಗಬಾರದು.

ಹಾಗಾದರೆ ಏನು ಮಾಡೋದು?

ನಗಬೇಡಿ, ಕಿರುಚಬೇಡಿ. ಚಿಕ್ಕ ಮಗು ಮೊದಲ ಸಲ ಹೇಳಿದರೆ ಶಾಂತವಾಗಿ "ಈ ಪದ ನಾವು ಹೇಳಲ್ಲ ಕಂದ" ಅಂದು ಬೇರೆ ಮಾತಿಗೆ ಹೋಗಿ. ಇಮಾಮ್ ಗಝಾಲಿ ತಮ್ಮ 'ಇಹ್ಯಾ'ದಲ್ಲಿ, ಮಗು ಎಂದೋ ಒಮ್ಮೆ ತಪ್ಪಿದರೆ ಕಂಡೂ ಕಾಣದಂತಿರಿ, ಸದಾ ಗದರುತ್ತಿದ್ದರೆ ಮಾತಿನ ಬೆಲೆಯೇ ಹೋಗುತ್ತದೆ ಎಂಬರ್ಥದ ಸಲಹೆ ಕೊಡುತ್ತಾರೆ. ಅವರು ತೀರಿಕೊಂಡದ್ದು 1111ರಲ್ಲಿ. ಸಲಹೆ ಮಾತ್ರ ಈಗಿನ ಫ್ಲ್ಯಾಟ್‌ಗೂ ಸರಿಹೊಂದುತ್ತೆ!

ಎಲ್ಲಿ ಕೇಳಿದೆ ಅಂತ ವಿಚಾರಿಸಿ. ಸ್ಕೂಲ್ ವ್ಯಾನ್, ರೀಲ್ಸ್, ಆನ್‌ಲೈನ್ ಗೇಮ್‌ನ ವಾಯ್ಸ್ ಚಾಟ್, ಎಲ್ಲಿಂದಲಾದರೂ ಬಂದಿರಬಹುದು. ಹೆಡ್‌ಫೋನ್ ಹಾಕಿದ ಮಗು ಏನು ಕೇಳಿಸಿಕೊಳ್ತಿದೆ ಅಂತ ನಮಗೆ ಗೊತ್ತಾಗಲ್ಲ. ಚಿಕ್ಕವರ ಗೇಮ್‌ನಲ್ಲಿ ವಾಯ್ಸ್ ಚಾಟ್ ಆಫ್ ಮಾಡಿ, ಗೇಮ್ ಹಾಲ್‌ನಲ್ಲೇ ಆಡಲಿ. ಆದರೆ ಪೊಲೀಸ್ ತನಿಖೆ ಬೇಡ. ಹೆದರಿದ ಮಗು ಬೈಗುಳ ಬಿಡಲ್ಲ, ನಮ್ಮ ಮುಂದೆ ಹೇಳೋದನ್ನ ಮಾತ್ರ ಬಿಡುತ್ತೆ. ಆಮೇಲೆ ಯಾರಾದರೂ ಅದಕ್ಕೆ ಅಸಭ್ಯವಾಗಿ ಮೆಸೇಜ್ ಮಾಡಿದರೂ ನಮಗೆ ತಿಳಿಯಲ್ಲ.

ಬದಲಿ ಮಾತು ಕೊಡಿ. ಬೈಗುಳದ ಹಿಂದೆ ಸಾಮಾನ್ಯವಾಗಿ ಸಿಟ್ಟು ಇರುತ್ತೆ. ಸಿಟ್ಟು ಬಂದಾಗ "ಅಊದು ಬಿಲ್ಲಾಹ್" ಹೇಳಲು, ನಿಂತಿದ್ದರೆ ಕೂರಲು ಪ್ರವಾದಿ (ಸ) ಕಲಿಸಿದ್ದಾರೆ. ಜೊತೆಗೆ "ನಂಗೆ ಕೋಪ ಬಂದಿದೆ", "ನೀನು ಮಾಡಿದ್ದು ನಂಗೆ ಇಷ್ಟ ಆಗ್ಲಿಲ್ಲ" ಅಂತ ನೇರವಾಗಿ ಹೇಳೋದನ್ನೂ ಅಭ್ಯಾಸ ಮಾಡಿಸಿ.

ದೊಡ್ಡವರಿಗೂ ಅದೇ ರೂಲ್. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಅಬ್ಬಾ ಆಟೋದವರನ್ನು ಬೈದರೆ, ಹಿಂದಿನ ಸೀಟಿನಲ್ಲಿ ಕ್ಲಾಸ್ ನಡೀತಾನೇ ಇರುತ್ತೆ. ಹತ್ತು ವರ್ಷ ಸೇವೆ ಮಾಡಿದ ಅನಸ್ (ರ) ಎಂಬ ಹುಡುಗನಿಗೆ ಪ್ರವಾದಿ (ಸ) ಒಮ್ಮೆಯೂ "ಛೆ" ಎನ್ನಲಿಲ್ಲವಂತೆ. ಇದನ್ನು ಹೇಳಿದವರು ಸ್ವತಃ ಅನಸ್ ಅವರೇ, ಬೆಳೆದು ದೊಡ್ಡವರಾದ ಮೇಲೆ.

ಈ ವಾರ ಮನೆಯಲ್ಲಿ ಒಂದು ಒಪ್ಪಂದ ಮಾಡಿಕೊಂಡು ನೋಡಿ. ಯಾರ ಬಾಯಲ್ಲಿ ಕೆಟ್ಟ ಮಾತು ಬಂದರೂ, ಮಗುವೇ ಇರಲಿ ಅಬ್ಬಾನೇ ಇರಲಿ, "ಅಸ್ತಗ್‌ಫಿರುಲ್ಲಾಹ್" ಹೇಳಿ, ನೊಂದವರ ಹತ್ತಿರ ಸಾರಿ ಕೇಳಬೇಕು. ನೆನಪಿಸುವ ಹಕ್ಕು ಮನೆಯ ಅತಿ ಚಿಕ್ಕ ಸದಸ್ಯರಿಗೂ ಇರಲಿ. ಅವರು ಆ ಕೆಲಸವನ್ನ ಎಷ್ಟು ಶ್ರದ್ಧೆಯಿಂದ ಮಾಡ್ತಾರೆ ಅಂತ ನೀವೇ ನೋಡಿ!